ಕರೆಂಟ್ ಉಳಿಸುವ ಡಬ್ಬಿ: ಮೀಟರ್ ಮುಂದೆ ನಿಂತು ನೀವೇ ಪರೀಕ್ಷಿಸಿ

ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು, ಹಸಿರು ದೀಪ ಹತ್ತುತ್ತದೆ, ತಿಂಗಳ ಬಿಲ್ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಹೀಗೆ ಹೇಳಿ ಮಾರುವ ಅಂಗೈಯಗಲದ ‘ಪವರ್ ಸೇವರ್’ ಡಬ್ಬಿಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ, ಮನೆ ಬಾಗಿಲಿಗೂ ಬರುತ್ತವೆ. ಗೃಹಜ್ಯೋತಿ ಬಂದ ಮೇಲೆ ಇವನ್ನು ಕೊಳ್ಳಲು ಇನ್ನೊಂದು ಕಾರಣ ಸೇರಿಕೊಂಡಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗೆರೆಯ ಹತ್ತಿರ ಓಡಾಡುವ ಮನೆಗಳಿಗೆ ಹತ್ತು ಯೂನಿಟ್ ಉಳಿದರೂ ದೊಡ್ಡ ಮಾತು.

ಈ ಡಬ್ಬಿಯಿಂದ ಮನೆಯ ಬಿಲ್ ಇಳಿಯುವುದಿಲ್ಲ. ನನ್ನ ಮಾತನ್ನು ಹಾಗೇ ನಂಬಬೇಕಾಗಿಲ್ಲ. ನಿಮ್ಮ ಮನೆಯ ಮೀಟರ್ ಮತ್ತು ಮೊಬೈಲ್‌ನ ಸ್ಟಾಪ್‌ವಾಚ್ ಇದ್ದರೆ ಹತ್ತು ಹದಿನೈದು ನಿಮಿಷದಲ್ಲಿ ನೀವೇ ತಿಳಿಯಬಹುದು.

ಡಬ್ಬಿಯೊಳಗೆ ಇರುವುದೇನು?

ಸಾಮಾನ್ಯವಾಗಿ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಮರಳಿಸುವ ಬಿಡಿಭಾಗ, ಜೊತೆಗೆ ದೀಪ ಉರಿಸುವ ಸಣ್ಣ ಸರ್ಕ್ಯೂಟ್. ಕೆಪಾಸಿಟರ್ ಏನೂ ಸುಳ್ಳು ವಸ್ತುವಲ್ಲ. ಸಂಪಿನ ಮೋಟಾರ್, ಫ್ರಿಜ್‌ನ ಕಂಪ್ರೆಸರ್‌ನಂಥವು ತಮ್ಮ ಸುರುಳಿಯಲ್ಲಿ ಕಾಂತಕ್ಷೇತ್ರ ಕಟ್ಟಲು ಲೈನಿನಿಂದ ಒಂದಿಷ್ಟು ಶಕ್ತಿ ಎಳೆದುಕೊಂಡು ಮರುಕ್ಷಣವೇ ಹಿಂದಕ್ಕೆ ಕಳಿಸುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಈ ಕೈಗಡ ಸೆಕೆಂಡಿಗೆ 100 ಸಲ ನಡೆಯುತ್ತದೆ. ಪಕ್ಕದಲ್ಲೇ ಕೆಪಾಸಿಟರ್ ಇದ್ದರೆ ಮೋಟಾರ್ ಲೈನನ್ನು ಬಿಟ್ಟು ಅದರಿಂದ ಕೈಗಡ ಪಡೆಯುತ್ತದೆ. ತಂತಿಯಲ್ಲಿ ಹರಿಯುವ ಆಂಪಿಯರ್ ಇಳಿಯುತ್ತದೆ. ‘ಪವರ್ ಫ್ಯಾಕ್ಟರ್ ಸುಧಾರಿಸಿತು’ ಎನ್ನುವುದು ಇದಕ್ಕೇ.

ಪೀಣ್ಯದ ಕಾರ್ಖಾನೆಗಳಲ್ಲಿ ಇದಕ್ಕೆ ನಿಜವಾದ ಬೆಲೆಯಿದೆ. ಪವರ್ ಫ್ಯಾಕ್ಟರ್ ಬಿದ್ದರೆ ಅವರ ಬಿಲ್‌ನಲ್ಲಿ ದಂಡ ಬೀಳುತ್ತದೆ, ಅದಕ್ಕೇ ಅಲ್ಲಿ ಕೆಪಾಸಿಟರ್ ಪ್ಯಾನೆಲ್ ಹಾಕಿಸುತ್ತಾರೆ. ಮನೆಯ ಲೆಕ್ಕ ಬೇರೆ. ಹೋಗಿ ಬಂದ ಕೈಗಡವನ್ನು ನಮ್ಮ ಮೀಟರ್ ಯೂನಿಟ್‌ಗೆ ಸೇರಿಸುವುದೇ ಇಲ್ಲ. ನಿಜವಾಗಿ ಖರ್ಚಾದ ಶಕ್ತಿಯನ್ನಷ್ಟೇ ಎಣಿಸುತ್ತದೆ. ಲೆಕ್ಕಕ್ಕೇ ಬಾರದ್ದನ್ನು ಕಡಿಮೆ ಮಾಡಿದರೆ ಬಿಲ್ ಹೇಗೆ ಕಡಿಮೆಯಾದೀತು?

ಮಾರುವವರ ಪ್ರದರ್ಶನ ಕಣ್ಣಿಗೆ ಸತ್ಯದಂತೆಯೇ ಕಾಣುವುದೂ ಇಲ್ಲೇ. ಅವರು ತಂತಿಗೆ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ, ಡಬ್ಬಿ ಹಾಕಿದ ಕೂಡಲೇ ಆಂಪಿಯರ್ ಇಳಿದದ್ದನ್ನು ತೋರಿಸುತ್ತಾರೆ. ಆಂಪಿಯರ್ ಇಳಿದದ್ದು ನಿಜ. ವ್ಯಾಟ್ ಇಳಿದಿಲ್ಲ. ನಮ್ಮ ಬಿಲ್ ಇರುವುದು ವ್ಯಾಟ್ ಮೇಲೆ. ಇಷ್ಟು ಗೊತ್ತಿದ್ದೂ ಹಿರಿಯರಿಗೆ, ಬಾಡಿಗೆದಾರರಿಗೆ ಇದನ್ನು ದಾಟಿಸುವುದು ಅನ್ಯಾಯ.

ಪರೀಕ್ಷೆ ಮಾಡುವುದು ಹೀಗೆ

ಮೊದಲು ಮೀಟರ್ ಬೋರ್ಡ್‌ಗೆ ಹೋಗಿ. ಅಪಾರ್ಟ್‌ಮೆಂಟ್ ಆದರೆ ಸಾಲು ಮೀಟರ್‌ಗಳಲ್ಲಿ ನಿಮ್ಮದು ಯಾವುದೆಂದು ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಅಥವಾ ಮೀಟರ್ ನಂಬರ್ ನೋಡಿ ಖಚಿತಪಡಿಸಿಕೊಳ್ಳಿ. ಡಿಜಿಟಲ್ ಮೀಟರ್ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ: 1600, 3200, ಹೀಗೆ. ಬರೆದುಕೊಳ್ಳಿ.

ಈಗ ಮನೆಯಲ್ಲಿ ಎಲ್ಲವನ್ನೂ ಆರಿಸಿ. ಫ್ರಿಜ್, ವೈಫೈ, ಸೆಟ್‌ಟಾಪ್ ಬಾಕ್ಸ್ ಯಾವುದೂ ಬೇಡ. ಯುಪಿಎಸ್ ಇದ್ದರೆ ಅದರ ಪ್ಲಗ್ಗನ್ನು ಗೋಡೆಯಿಂದ ತೆಗೆಯಿರಿ. ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಲೆಕ್ಕ ಕೆಡುತ್ತದೆ. ಮೀಟರ್ ದೀಪ ಮಿನುಗುವುದು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಏನೋ ಇನ್ನೂ ಓಡುತ್ತಿದೆ, ಹುಡುಕಿ.

ಬಳಿಕ ಒಂದೇ ಒಂದು ಮೋಟಾರ್ ಹಾಕಿ. ಸ್ವಂತ ಮನೆಯಾದರೆ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ, ಡಬ್ಬಿಗೆ ತನ್ನ ಶಕ್ತಿ ತೋರಿಸಲು ಅದಕ್ಕಿಂತ ಹೆಚ್ಚಿನ ಅವಕಾಶ ಮನೆಯಲ್ಲಿ ಸಿಗದು. ಫ್ಲ್ಯಾಟ್‌ನಲ್ಲಿ ಸಂಪಿನ ಮೋಟಾರ್ ಕಾಮನ್ ಮೀಟರ್‌ನಲ್ಲಿ ಇರುತ್ತದೆ. ಅಲ್ಲಿ ಟೇಬಲ್ ಫ್ಯಾನ್ ಸಾಕು, ಯುಪಿಎಸ್ ಲೈನಿನಲ್ಲಿಲ್ಲದ ಸಾಕೆಟ್‌ಗೆ ಹಾಕಿ. ಇಸ್ತ್ರಿ ಪೆಟ್ಟಿಗೆ ಬೇಡ, ಅದು ತಾನೇ ಆರಿ ಹತ್ತುತ್ತದೆ.

ಒಬ್ಬರು ಮನೆಯೊಳಗೆ, ಇನ್ನೊಬ್ಬರು ಮೀಟರ್ ಹತ್ತಿರ, ಫೋನಿನಲ್ಲಿ ಮಾತಾಡುತ್ತಾ ಮಾಡಿ. ಡಬ್ಬಿ ಇಲ್ಲದೆ 100 ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದುಕೊಳ್ಳಿ. ಸುಮಾರು 1000 ವ್ಯಾಟ್ ಎಳೆಯುವ ಮೋಟಾರ್, 3200ರ ಮೀಟರ್ ಆದರೆ 112 ಸೆಕೆಂಡ್ ಆಸುಪಾಸು ಬರುತ್ತದೆ. ಫ್ಯಾನ್ ಆದರೆ 10 ಮಿನುಗು ಎಣಿಸಿದರೂ ನಡೆಯುತ್ತದೆ. ಡಬ್ಬಿ ಸಿಕ್ಕಿಸಿ ಮತ್ತೆ ಎಣಿಸಿ. ಆಮೇಲೆ ತೆಗೆದು ಮೂರನೇ ಸಲ ಎಣಿಸಿ, ಇದನ್ನು ಮಾತ್ರ ಬಿಡಬೇಡಿ. ವೋಲ್ಟೇಜ್ ಏರಿಳಿದರೂ ಸೆಕೆಂಡ್ ಬದಲಾಗುತ್ತದೆ. ಮೂರನೇ ಎಣಿಕೆ ಆ ಅನುಮಾನ ತೆಗೆಯುತ್ತದೆ. ತ್ರೀ ಫೇಸ್ ಮನೆಯಾದರೆ ಮೋಟಾರ್ ಇರುವ ಫೇಸ್‌ನಲ್ಲೇ ಡಬ್ಬಿಯೂ ಇರಲಿ.

ಡಬ್ಬಿ ಮೂರನೇ ಒಂದು ಪಾಲು ಉಳಿಸುವುದಾದರೆ 112 ಸೆಕೆಂಡ್ ಇದ್ದದ್ದು 168ಕ್ಕೆ ಏರಬೇಕು. ಒಂದೆರಡು ಸೆಕೆಂಡ್ ಅತ್ತಿತ್ತ ಬಿಟ್ಟರೆ ಏರುವುದಿಲ್ಲ.

ಒಂದು ಎಚ್ಚರಿಕೆ. ಡಬ್ಬಿ ಬಿಚ್ಚಿ ನೋಡಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು. ಇನ್ನು ಮೀಟರನ್ನೇ ನಿಧಾನ ಮಾಡುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳ್ಳತನ, ಮೂರು ವರ್ಷದವರೆಗೆ ಜೈಲು ಆಗಬಹುದು.

ಹಾಗಾದರೆ ಯೂನಿಟ್ ಹೋಗುವುದೆಲ್ಲಿ?

ಅದೇ ಕೆಂಪು ದೀಪ ಇದನ್ನೂ ಹೇಳುತ್ತದೆ. 36 ಲಕ್ಷವನ್ನು ಮೀಟರ್ ಮೇಲಿನ ಸಂಖ್ಯೆಯಿಂದ ಭಾಗಿಸಿ; ಬಂದದ್ದನ್ನು ಒಂದು ಮಿನುಗಿನಿಂದ ಇನ್ನೊಂದಕ್ಕೆ ಹಿಡಿದ ಸೆಕೆಂಡಿನಿಂದ ಭಾಗಿಸಿ. ಸಿಗುವುದೇ ವ್ಯಾಟ್. 3200ರ ಮೀಟರ್‌ನಲ್ಲಿ 15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವ್ಯಾಟ್, ಅಂದರೆ ಹಳೆಯ ಸೀಲಿಂಗ್ ಫ್ಯಾನ್.

ಬೆಂಗಳೂರಿನ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಗೀಸರ್. ಇಲ್ಲಿ ವರ್ಷವಿಡೀ ಬಿಸಿನೀರು ಬೇಕು. 2000 ವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುವುದು, ಥರ್ಮೋಸ್ಟ್ಯಾಟ್ ತಗ್ಗಿಸುವುದು ಯಾವ ಡಬ್ಬಿಗಿಂತಲೂ ಮೇಲು. ಛಾವಣಿ ನಿಮ್ಮದಾದರೆ ಸೋಲಾರ್ ಹಾಕಿಸಿ.

ಆಮೇಲೆ ಫ್ಯಾನ್. 75 ವ್ಯಾಟ್‌ನದು ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ 14ರ ಒಳಗೆ. ಒಂದೇ ಫ್ಯಾನ್‌ನಿಂದ 20 ಯೂನಿಟ್ ಉಳಿಯಿತು. ಎಲ್ಲ ಫ್ಯಾನ್ ಒಟ್ಟಿಗೆ ಬದಲಿಸಲು ಆಗದಿದ್ದರೆ ಅತಿ ಹೆಚ್ಚು ತಿರುಗುವುದನ್ನು ಮೊದಲು ಬದಲಿಸಿ. ಸ್ಟ್ಯಾಂಡ್‌ಬೈನಲ್ಲಿರುವ ಸೆಟ್‌ಟಾಪ್ ಬಾಕ್ಸ್ ಅನ್ನೂ ಅಳೆದು ನೋಡಿ, ಹಗಲೂ ರಾತ್ರಿಯೂ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7 ಯೂನಿಟ್.

ಡಬ್ಬಿ ಈಗಾಗಲೇ ಕೊಂಡಿದ್ದರೆ ಪ್ಲಗ್ ತೆಗೆದಿಡಿ. ಅಗ್ಗದ ಕೆಪಾಸಿಟರ್ ಕಾದು ಉಬ್ಬುವ ಅಪಾಯವಿದೆ. ಮೂರು ಎಣಿಕೆಯ ಸೆಕೆಂಡ್, ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಜೋಡಿಸಿಟ್ಟುಕೊಂಡು ಮೊದಲು ಮಾರಿದವರನ್ನೇ ಹಣ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ.