ಮದುವೆಯಾಗಿ ಅಮೆರಿಕಕ್ಕೆ ಬಂದ ಮಲೆನಾಡಿನ ಹೆಣ್ಣುಮಕ್ಕಳಿಗೆ: ಮನೆಯೊಳಗಿನ ಹಿಂಸೆ, ವೀಸಾ, ಕಾನೂನು

ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬರುವ ಬಹಳಷ್ಟು ಹೆಣ್ಣುಮಕ್ಕಳ ಕೈಯಲ್ಲಿರುವುದು ಎಚ್-4 ವೀಸಾ. ಅದು ಗಂಡನ ಎಚ್-1ಬಿ, ಅಂದರೆ ಅವನ ಕೆಲಸದ ವೀಸಾ ಜೊತೆ ಕಟ್ಟಿಹಾಕಿದ ವೀಸಾ. ಅವನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಹೆಂಡತಿಗೆ ಕೆಲಸದ ಪರವಾನಗಿಯೂ ಸಿಗುವುದಿಲ್ಲ. ಹಿಂಸೆ ಕೊಡುವವನಿಗೆ ಇದಕ್ಕಿಂತ ಒಳ್ಳೆಯ ಹಗ್ಗ ಬೇಕಿಲ್ಲ. "ಪೊಲೀಸರಿಗೆ ಫೋನ್ ಮಾಡು, ನಿನ್ನನ್ನೇ ಊರಿಗೆ ಅಟ್ತಾರೆ" ಎಂಬ ಬೆದರಿಕೆ ಹುಟ್ಟುವುದು ಇಲ್ಲಿಂದಲೇ. ಪೊಲೀಸರನ್ನು ಕರೆದಿದ್ದಕ್ಕೆ ಯಾರ ಎಚ್-4 ಕೂಡ ರದ್ದಾಗುವುದಿಲ್ಲ. ಮಿಕ್ಕ ವಿವರಕ್ಕೆ ಹೋಗುವ ಮೊದಲು ಇಷ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಜಗಳ ಯಾವುದು, ಹಿಂಸೆ ಯಾವುದು

ಜಗಳ ಎಲ್ಲ ಮನೆಯಲ್ಲೂ ಇದೆ. ನೀವು "ಬೇಡ" ಎಂದಾಗ ಏನಾಗುತ್ತದೆ ಎಂಬುದನ್ನು ನೋಡಿ. ಆ ಒಂದು ಮಾತಿಗೆ ಹೆದರಬೇಕಾದರೆ ಅದು ಜಗಳವಲ್ಲ. ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ. ತವರಿಗೆ ಫೋನ್ ಮಾಡುವುದಾದರೆ ಸ್ಪೀಕರ್ ಹಾಕಿಯೇ ಮಾಡಬೇಕು. ಡ್ರೈವಿಂಗ್ ಕಲಿಯಲು ಬಿಡುವುದಿಲ್ಲ, ಕನ್ನಡ ಕೂಟದ ಕಾರ್ಯಕ್ರಮಕ್ಕೂ ಒಬ್ಬಳೇ ಹೋಗುವ ಹಾಗಿಲ್ಲ. ದಿನಸಿಯ ರಸೀದಿಗೆ ಲೆಕ್ಕ ಕೊಡಬೇಕು. "ನಿಮ್ಮಪ್ಪ ತೋಟದಲ್ಲಿ ಎರಡು ಎಕರೆ ಬರೆದುಕೊಡಲಿ" ಎಂಬ ಮಾತು ಮದುವೆಯಾದ ಮೇಲೆ ಬಂದರೂ ಅದು ವರದಕ್ಷಿಣೆಯೇ. ಮನಸ್ಸಿಲ್ಲದ ಹೆಂಡತಿಯ ಮೇಲೆ ಬಲವಂತ ಮಾಡುವುದು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅಪರಾಧ.

ಕುತ್ತಿಗೆ ಹಿಸುಕುವುದನ್ನು ಮಾತ್ರ ಬೇರೆಯಾಗಿಯೇ ಹೇಳಬೇಕು. ಹೊರಗೆ ಗುರುತು ಕಾಣದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಒಮ್ಮೆ ಕುತ್ತಿಗೆಗೆ ಕೈಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಹೆಚ್ಚು. ಅಂದೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇನ್ಶೂರೆನ್ಸ್ ಇಲ್ಲದಿದ್ದರೂ, ಕೈಯಲ್ಲಿ ದುಡ್ಡಿಲ್ಲದಿದ್ದರೂ ಅಲ್ಲಿ ತಪಾಸಣೆ ಮಾಡಲೇಬೇಕೆಂದು 1986ರ ಕಾನೂನಿದೆ.

911ಕ್ಕೆ ಫೋನ್ ಮಾಡುವಾಗ

911 ಅಮೆರಿಕದ ತುರ್ತು ನಂಬರ್. ಮೊದಲು ವಿಳಾಸ ಹೇಳಿ, ಅಪಾರ್ಟ್‌ಮೆಂಟ್ ನಂಬರ್ ಸಮೇತ. ಫೋನ್ ಮಧ್ಯೆ ಕಟ್ಟಾದರೂ ಪೊಲೀಸರು ಬರಬೇಕಲ್ಲ. ಮೊಬೈಲ್ ಕರೆಯಿಂದ ಕಟ್ಟಡ ಗೊತ್ತಾಗಬಹುದು, ಎಷ್ಟನೇ ಮಹಡಿ ಎಂಬುದು ಗೊತ್ತಾಗದು. ಇಂಗ್ಲಿಷ್ ತಡವರಿಸಿದರೆ "ಕನ್ನಡ ಇಂಟರ್‌ಪ್ರಿಟರ್" ಎಂಬ ಎರಡೇ ಪದ ಸಾಕು.

ಎಡವಟ್ಟಾಗುವುದು ಪೊಲೀಸರು ಬಾಗಿಲಿಗೆ ಬಂದ ಮೇಲೆ. ಗಂಡ ಸಲೀಸಾದ ಇಂಗ್ಲಿಷಿನಲ್ಲಿ ತಣ್ಣಗೆ ಮಾತಾಡುತ್ತಾನೆ, ಹೆಂಡತಿ ಅಳುತ್ತಿರುತ್ತಾಳೆ. ಬಿಡಿಸಿಕೊಳ್ಳುವಾಗ ನೀವು ಪರಚಿದ ಗುರುತು ಅವನ ಕೈಮೇಲಿದ್ದರೆ ನಿಮ್ಮನ್ನೇ ಬಂಧಿಸಿದ ಉದಾಹರಣೆಗಳಿವೆ. ಹಾಗಾಗಿ ಅವನಿಂದ ದೂರ ನಿಂತು ಮಾತಾಡಿ, ಅವನು ಭಾಷಾಂತರ ಮಾಡುವುದಕ್ಕೆ ಒಪ್ಪಬೇಡಿ, ಪರಚಿದ್ದು ಯಾಕೆಂದು ಬಿಡಿಸಿ ಹೇಳಿ. ಹೊರಡುವ ಮುನ್ನ ಪೊಲೀಸರಿಂದ ರಿಪೋರ್ಟ್ ನಂಬರ್ ಕೇಳಿ ಬರೆದುಕೊಳ್ಳಿ. ಮುಂದೆ ಕೋರ್ಟಿಗೂ ವೀಸಾ ಅರ್ಜಿಗೂ ಅದು ಬೇಕಾಗುತ್ತದೆ.

ತುರ್ತು ಇಲ್ಲದೆ ಸಲಹೆಯಷ್ಟೇ ಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 1-800-799-7233 ಹಗಲೂ ರಾತ್ರಿ ತೆರೆದಿರುತ್ತದೆ, ದುಭಾಷಿಯನ್ನೂ ಕೊಡುತ್ತಾರೆ. ದಕ್ಷಿಣ ಏಷ್ಯಾದ ಹೆಂಗಸರಿಗೆಂದೇ ಇರುವ ಸಂಸ್ಥೆಗಳಲ್ಲಿ ನ್ಯೂಜೆರ್ಸಿಯ ಮಾನವಿ, ಕ್ಯಾಲಿಫೋರ್ನಿಯಾದ ಮೈತ್ರಿ, ಹ್ಯೂಸ್ಟನ್ನಿನ ದಯಾ, ಅಟ್ಲಾಂಟಾದ ರಕ್ಷಾ ಹಳೆಯವು. ಅತ್ತೆ, ನಾದಿನಿ, ಒಡವೆ ಎಂದರೆ ಅಲ್ಲಿ ವಿವರಿಸುತ್ತ ಕೂರಬೇಕಿಲ್ಲ. ಫ್ಯಾಮಿಲಿ ಪ್ಲಾನಿನಲ್ಲಿರುವ ಫೋನಿನಿಂದ ಮಾಡಿದ ಕರೆಗಳು ಬಿಲ್ಲಿನಲ್ಲಿ ಕಾಣಿಸುತ್ತವೆ. ಊರಿನ ಪಬ್ಲಿಕ್ ಲೈಬ್ರರಿಯ ಕಂಪ್ಯೂಟರ್ ಬಳಸಿ, ಅಥವಾ ಗೆಳತಿಯ ಫೋನಿನಿಂದ ಮಾಡಿ.

ರಕ್ಷಣಾ ಆದೇಶ ಮತ್ತು ವೀಸಾ

ರಕ್ಷಣಾ ಆದೇಶವೆಂದರೆ ಹಿಂಸೆ ಕೊಡುವವನು ನಿಮ್ಮಿಂದ ದೂರವಿರಬೇಕೆಂಬ ಕೋರ್ಟಿನ ಆದೇಶ. ಕೌಂಟಿ (ಜಿಲ್ಲೆಯಂಥ ಆಡಳಿತ ಭಾಗ) ಕೋರ್ಟಿನಲ್ಲಿ ಅದನ್ನು ಕೇಳಲು ಶುಲ್ಕವಿಲ್ಲ, ಯಾವ ವೀಸಾದಲ್ಲಿದ್ದರೂ ಕೇಳಬಹುದು. ತಾತ್ಕಾಲಿಕ ಆದೇಶ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಸಿಗುತ್ತದೆ. ಕೆಲವು ವಾರಗಳಲ್ಲಿ ಪೂರ್ಣ ವಿಚಾರಣೆ ಇರುತ್ತದೆ. ಆ ದಿನ ಹೋಗದಿದ್ದರೆ ಆದೇಶ ಬಿದ್ದುಹೋಗುತ್ತದೆ, ಹಿರಿಯರು ರಾಜಿ ಮಾಡಿಸಿ ತಪ್ಪಿಸುವುದೂ ಹೆಚ್ಚಾಗಿ ಆ ದಿನವನ್ನೇ. ಒಂದು ರಾಜ್ಯದ ಆದೇಶ ಉಳಿದ ರಾಜ್ಯಗಳಲ್ಲೂ ನಡೆಯುತ್ತದೆ. ಅರ್ಜಿಯಲ್ಲಿ "ಯಾವಾಗಲೂ ಹೊಡೆಯುತ್ತಾನೆ" ಎಂದು ಬರೆದರೆ ಸಾಲದು. ತಾರೀಖು, ಜಾಗ, ಏನು ಮಾಡಿದ, ಏನು ಹೇಳಿದ ಎಂದು ಬಿಡಿಬಿಡಿಯಾಗಿ ಬರೆಯಿರಿ.

ವೀಸಾ ವಿಷಯದಲ್ಲಿ ಗಂಡ ಯಾರು ಎಂಬುದರ ಮೇಲೆ ದಾರಿ ಬೇರೆ. ಅವನು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡಿನವನಾದರೆ, 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯಡಿ ನೀವೇ ಅವನಿಗೆ ತಿಳಿಯದಂತೆ ಗ್ರೀನ್ ಕಾರ್ಡಿನ ದಾರಿಗೆ ಐ-360 ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ. ವಿಚ್ಛೇದನವಾಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು. ಎಚ್-1ಬಿಯವನ ಹೆಂಡತಿಗೆ ಈ ದಾರಿ ಇಲ್ಲ, ಎಷ್ಟೋ ಜನ ತಪ್ಪು ತಿಳಿಯುವುದು ಇಲ್ಲೇ. ಅವಳಿಗಿರುವುದು ಐ-765ವಿ ಎಂಬ ಕೆಲಸದ ಪರವಾನಗಿ ಅರ್ಜಿ, ಮತ್ತು ಅಪರಾಧದ ತನಿಖೆಗೆ ಸಹಕರಿಸಿದವರಿಗೆ ಸಿಗುವ ಯು ವೀಸಾ. ಯು ವೀಸಾ ವರ್ಷಕ್ಕೆ 10,000 ಮಾತ್ರ, ಸಾಲು ವರ್ಷಗಟ್ಟಲೆ ಉದ್ದವಿದೆ. ಬೇರೆ ಮನೆ ಮಾಡಿದ ಮಾತ್ರಕ್ಕೆ ಎಚ್-4 ಹೋಗುವುದಿಲ್ಲ, ವಿಚ್ಛೇದನ ಅಂತಿಮವಾದ ದಿನ ಹೋಗುತ್ತದೆ. ಅದಕ್ಕೇ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮುಂಚೆ ವಲಸೆ ವಕೀಲರನ್ನು ನೋಡಿ.

"ಊರಿಗೆ ಹೋಗಿ ಬರೋಣ" ಎಂದಾಗ

ಅನುಮಾನ ಪಡಬೇಕಾದ ಮಾತಿದು. ಸಂಬಂಧ ಕೆಟ್ಟಿರುವಾಗ ಹಬ್ಬದ ನೆಪದಲ್ಲಿ ಕರೆತಂದು, ಪಾಸ್‌ಪೋರ್ಟ್ ಎತ್ತಿಕೊಂಡು, ಹೆಂಡತಿಯನ್ನು ತವರಿನ ಜಗಲಿಯ ಮೇಲೆ ಬಿಟ್ಟು ಒಬ್ಬನೇ ವಿಮಾನ ಹತ್ತುವವರಿದ್ದಾರೆ. ಹೊರಡುವ ಮೊದಲು ಪಾಸ್‌ಪೋರ್ಟ್, ವೀಸಾ ಪುಟ, ಅಮೆರಿಕ ಪ್ರವೇಶದ ದಾಖಲೆಯಾದ ಐ-94, ವೀಸಾ ಅರ್ಜಿ ಮಂಜೂರಾದ ಪತ್ರ ಐ-797, ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪತ್ರ ಎಲ್ಲದರ ಫೋಟೊ ತೆಗೆದು, ಅವನಿಗೆ ಗೊತ್ತಿಲ್ಲದ ಹೊಸ ಇಮೇಲಿಗೆ ಕಳಿಸಿಕೊಳ್ಳಿ. ಅವನ ಪಾಸ್‌ಪೋರ್ಟ್ ನಂಬರ್, ಅಮೆರಿಕದ ಮನೆ ವಿಳಾಸ, ಕಂಪನಿಯ ವಿಳಾಸವೂ ಇರಲಿ. ವಿಳಾಸ ಸರಿಯಿಲ್ಲದೆ ಸಮನ್ಸ್ ಜಾರಿಯಾಗದೆ ಕೇಸು ಕೊಳೆಯುತ್ತದೆ.

ಬಿಟ್ಟುಹೋದರೆ ಶಿವಮೊಗ್ಗದಲ್ಲೇ ಕಾನೂನು ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಮಿನಂತೆ ನೀವು ಸದ್ಯ ಇರುವ ಊರಿನ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು, ತಾತ್ಕಾಲಿಕವಾಗಿ ಇದ್ದರೂ ಸಾಕು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಘಟನಾ ವರದಿ ಬರೆದು ಕೋರ್ಟಿಗೆ ಕೊಡುವುದು ಅವರ ಕೆಲಸ. ಜೀವನಾಂಶ, ಮಗುವಿನ ಸುಪರ್ದಿ, ಒಡವೆ ವಾಪಸ್ಸು ಎಲ್ಲ ಒಂದೇ ಅರ್ಜಿಯಲ್ಲಿ ಕೇಳಿ. 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಹಾಗಾಗುವುದು ಅಪರೂಪ, ಆದ್ದರಿಂದ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲೇ ಕೇಳಿಡಿ. ಕ್ರೌರ್ಯದ ಪೊಲೀಸ್ ದೂರು, ಅಂದರೆ ಹಳೆಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಗಂಡನ ಮನೆ ಬಿಟ್ಟುಬಂದವಳು ಆಶ್ರಯ ಪಡೆದ ತವರಿನಲ್ಲೇ ಅದನ್ನು ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ. ಜೊತೆಗೆ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕಕ್ಕೂ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ಲಿಗೂ ದೂರು ದಾಖಲಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಅಮೆರಿಕದಿಂದ ವಿಚ್ಛೇದನದ ನೋಟಿಸು ಬಂದರೆ ಕಸದ ಬುಟ್ಟಿಗೆ ಹಾಕಬೇಡಿ, ಹೆದರಿ ಸಹಿಯನ್ನೂ ಹಾಕಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಆ ಕೋರ್ಟಿಗೆ ಒಪ್ಪದೆ ಇದ್ದಾಗ ಕೊಟ್ಟ ವಿದೇಶಿ ವಿಚ್ಛೇದನ ಭಾರತದಲ್ಲಿ ನಡೆಯದೆಂದು 1991ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಉತ್ತರ ಬರೆಯುವ ರೀತಿಯಲ್ಲೇ ಆ ಹಕ್ಕು ಕೈತಪ್ಪಬಹುದು, ವಕೀಲರಿಂದಲೇ ಬರೆಸಿ. ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಗಂಡನ ಒಪ್ಪಿಗೆಯಾಗಲಿ ಅಮೆರಿಕದ ಕೋರ್ಟಿನ ಆದೇಶವಾಗಲಿ ಇಲ್ಲದೆ ಊರಿಗೆ ಕರೆತಂದರೆ ನಿಮ್ಮ ಮೇಲೆಯೇ ಮಗುವಿನ ಅಪಹರಣದ ಕೇಸು ಬೀಳಬಹುದು.

ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ

ಅಪಾಯದಲ್ಲಿದ್ದಾಗ ಮಗಳು ಫೋನಿನಲ್ಲಿ ಹೇಳಲು ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅಳಿಯನೂ ನಮ್ಮ ಕಡೆಯವನೇ, ಮಾತು ಅವನಿಗೂ ಅರ್ಥವಾಗುತ್ತದೆ. ಜನವರಿಯಲ್ಲಿ "ಕೊಳೆರೋಗಕ್ಕೆ ಔಷಧಿ ಹೊಡೆಸಿದ್ರಾ?" ಎಂದು ಮಗಳು ಕೇಳಿದರೆ ಅವನಿಗೆ ತಕ್ಷಣ ಅನುಮಾನ, ಅಡಿಕೆಗೆ ಆ ರೋಗ ಬರುವುದು ಮಳೆಗಾಲದಲ್ಲಿ. "ಕೊಟ್ಟಿಗೆ ಹಂಚು ಬದಲಿಸಿದ್ರಾ?" ಎಂಬುದು ಯಾವ ಕಾಲಕ್ಕೂ ಸಲ್ಲುತ್ತದೆ. ಅದು ಕೇಳಿದ ಕೂಡಲೇ ಏನು ಮಾಡಬೇಕೆಂದು ಮೊದಲೇ ತೀರ್ಮಾನವಾಗಿರಲಿ. ನಿಮ್ಮ ಮೊಬೈಲಿನಿಂದ 911 ಒತ್ತಿದರೆ ಅಮೆರಿಕದ ಪೊಲೀಸರು ಸಿಗುವುದಿಲ್ಲ, ಮಗಳ ಊರಿನ ಪೊಲೀಸ್ ಠಾಣೆಯ ಹತ್ತಂಕಿಯ ನಂಬರನ್ನು +1 ಸೇರಿಸಿ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತರೆ ಮೂರು ದಿನ ಮಗಳ ಫೋನ್ ಬರದಿರಬಹುದು, ಅದಕ್ಕೇ ಶಿವಮೊಗ್ಗ ಪೇಟೆಯಲ್ಲಿರುವ ಒಬ್ಬ ನೆಂಟರ ನಂಬರೂ ಅವಳ ಬಾಯಲ್ಲಿರಲಿ. ಒಡವೆಯ ಬಿಲ್ಲು, ತೂಕ, ಮದುವೆ ದಿನದ ಫೋಟೊ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಒಡವೆ ಅತ್ತೆಯ ಲಾಕರಿನಲ್ಲಿದ್ದರೂ ಅದು ಮಗಳ ಸ್ತ್ರೀಧನ. "ಹೊಂದಿಕೊಂಡು ಹೋಗು" ಎಂದು ಹೇಳುವ ಮೊದಲು ಅವಳ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ ಎಂದು ಕೇಳಿ.