ಬಚ್ಚಲೊಲೆಯ ಹೊಗೆ, ಆಲೆಮನೆಯ ಘಮ: ಸ್ಕಾಚ್ ರುಚಿ ನನಗೆ ಸಿಕ್ಕಿದ ಬಗೆ

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದ ಮೊದಲ ಎರಡು ವರ್ಷ ನಾನು ಸ್ಕಾಚ್ ವಿಸ್ಕಿ ಕುಡಿಯುತ್ತಿದ್ದೆ, ಆದರೆ ಅದರ ರುಚಿ ನನಗೆ ಸಿಕ್ಕಿರಲಿಲ್ಲ. ಬಾಟಲಿಯ ಹಿಂದೆ ಬರೆದಿರುತ್ತಾರಲ್ಲ, ಹೆದರ್ ಹೂವು, ಟಾಫಿ, ಫ್ರೂಟ್ ಕೇಕ್ ಅಂತ, ಅದನ್ನು ಓದಿಕೊಂಡು ಗ್ಲಾಸಿನಲ್ಲಿ ಹುಡುಕುತ್ತಿದ್ದೆ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಹೆದರ್ ಹೂವನ್ನು ಯಾವತ್ತೂ ಮೂಸಿ ನೋಡದವನಿಗೆ ಅದು ಗ್ಲಾಸಿನಲ್ಲಿ ಹೇಗೆ ಸಿಗಬೇಕು?

ಒಂದು ಚಳಿಗಾಲದ ಶುಕ್ರವಾರ ಲಾಗವುಲಿನ್ 16, ಅಂದರೆ ಹದಿನಾರು ವರ್ಷ ಮಾಗಿದ ಸ್ಕಾಚ್, ತೆರೆದೆ. ಗ್ಲಾಸಿಗೆ ಸ್ವಲ್ಪ ಹಾಕಿ ಮೂಗಿನ ಹತ್ತಿರ ತಂದೆ. ನೇರ ನಮ್ಮಜ್ಜಿ ಮನೆಯ ಬಚ್ಚಲಿಗೆ ಹೋಗಿ ನಿಂತ ಹಾಗಾಯಿತು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಒಟ್ಟಿದ ಒಲೆ, ಮಸಿ ಹಿಡಿದ ತಾಮ್ರದ ಹಂಡೆ, ಕಣ್ಣಿಗೆ ಬರುವ ಹೊಗೆ. ಅದರ ಹಿಂದೆಯೇ ಇನ್ನೊಂದು ಘಮ ಬಂತು, ಕೊಪ್ಪರಿಗೆಯಲ್ಲಿ ಕುದ್ದು ಗಟ್ಟಿಯಾಗುತ್ತಿರುವ ಜೋನಿಬೆಲ್ಲದ್ದು. ಅಲ್ಲೇ ಇದ್ದ ಮಗಳ ಶಾಲೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ: "ಬಚ್ಚಲೊಲೆ, ಜೋನಿಬೆಲ್ಲ, ಕೊನೆಗೆ ಉಪ್ಪು." ಮಾರನೆಯ ದಿನವೇ ಹೊಸ ನೋಟ್‌ಬುಕ್ ತಂದೆ. ಈಗ ಮೂರನೆಯದು ನಡೆಯುತ್ತಿದೆ.

ಅಲ್ಲಿಂದ ಎಲ್ಲ ಬದಲಾಯಿತು. ನಿಮ್ಮ ಮೂಗು ಯಾವ ಊರಿನಲ್ಲಿ ಬೆಳೆದಿದೆಯೋ ಆ ಊರಿನ ಮಾತಿನಲ್ಲೇ ಅದು ಉತ್ತರ ಕೊಡುತ್ತದೆ. ಲಫ್ರೋಯ್ಗ್ 10 ಕುಡಿದವರೆಲ್ಲ ಆಸ್ಪತ್ರೆ ವಾಸನೆ ಅನ್ನುತ್ತಾರೆ. ನನಗೆ ಅದು ಚಿಕ್ಕವನಿದ್ದಾಗ ಮಂಡಿ ತರಚಿದರೆ ಮೇಷ್ಟ್ರು ಹಚ್ಚುತ್ತಿದ್ದ ಟಿಂಚರ್. ಟಾಲಿಸ್ಕರ್ 10 ಅಂದರೆ ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿದ ಕಾಳುಮೆಣಸು. ಗ್ಲೆನ್‌ಲಿವೆಟ್ 12 ಮೂಸಿದಾಗ ನೆನಪಾಗುವುದು ಹೆಚ್ಚಿಟ್ಟ ಅನಾನಸ್ ಮತ್ತು ಸ್ವಲ್ಪ ಜೇನು.

ಒಂದೊಂದೇ ಕುಡಿದರೆ ಇಷ್ಟು ಗೊತ್ತಾಗುವುದು ಕಷ್ಟ. ಪಕ್ಕಪಕ್ಕದಲ್ಲಿ ಎರಡು ಗ್ಲಾಸ್ ಇಡಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಕೆಳಗಿನ ಮನೆಯ ಹಿರಿಯರು, ಎಂಬತ್ತರ ಹತ್ತಿರದ ಸ್ಕಾಟಿಷ್ ಮನುಷ್ಯ. ಅವರ ಪ್ರಕಾರ ಎರಡರಿಂದ ವ್ಯತ್ಯಾಸ ಸಿಗುತ್ತದೆ, ಮೂರಕ್ಕೆ ನೆನಪು ಕೆಲಸ ಮಾಡಬೇಕು, ನಾಲ್ಕಕ್ಕೆ ನಾಲಿಗೆ ಮಲಗುತ್ತದೆ. ನಾನು ಒಂದೊಂದಕ್ಕೆ 15 ಎಂ.ಎಲ್. ಅಳೆದು ಹಾಕುತ್ತೇನೆ. ಇಲ್ಲಿನ ಪಬ್‌ಗಳಲ್ಲಿ ಒಂದು ಅಳತೆಗೆ 25 ಅಥವಾ 35 ಎಂ.ಎಲ್. ಕೊಡುತ್ತಾರೆ. ಹೋಲಿಸಿ ನೋಡುವುದಕ್ಕೆ ಅಷ್ಟು ಬೇಡ.

ಗ್ಲಾಸ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅಗಲ ಬಾಯಿಯ ಲೋಟದಲ್ಲಿ ಘಮವೆಲ್ಲ ಹಾರಿಹೋಗುತ್ತದೆ. ಕೆಳಗೆ ಉಬ್ಬಿ ಮೇಲೆ ಕಿರಿದಾದ ಗ್ಲೆನ್‌ಕೇರ್ನ್ ಗ್ಲಾಸ್ ಇದ್ದರೆ ಚೆನ್ನ. ಎಲ್ಲ ಗ್ಲಾಸೂ ಒಂದೇ ತರಹ ಇರಬೇಕು, ಇಲ್ಲದಿದ್ದರೆ ನೀವು ಗ್ಲಾಸನ್ನು ಹೋಲಿಸುತ್ತಿರುತ್ತೀರಿ.

ಮೊದಮೊದಲು ಎರಡು ತಪ್ಪು ಮಾಡಿದೆ. ಒಂದು, ಹೊಗೆಯದ್ದನ್ನು ಮೊದಲು ಕುಡಿದದ್ದು. ಲಫ್ರೋಯ್ಗ್ ಆದ ಮೇಲೆ ಗ್ಲೆನ್‌ಲಿವೆಟ್ ಬಾಯಿಗೆ ಬಿಟ್ಟರೆ ಸುಮ್ನೆ ನೀರು ಕುಡಿದ ಹಾಗೆ. ಪಾಪ, ಒಳ್ಳೆಯ ವಿಸ್ಕಿಗೆ ಅನ್ಯಾಯ ಮಾಡಿದೆ ಅನ್ನಿಸಿತು. ಹಗುರದ್ದು ಮೊದಲು, ಹೊಗೆಯದ್ದು ಕೊನೆಗೆ. ಇನ್ನೊಂದು, ಸಾರಿಗೆ ಇಂಗಿನ ಒಗ್ಗರಣೆ ಬಿದ್ದ ಸಂಜೆ ಕೂತದ್ದು. ಆ ದಿನ ಮೂರೂ ಗ್ಲಾಸಿನಲ್ಲಿ ಇಂಗೇ ಇತ್ತು. ಈಗ ಊಟಕ್ಕೆ ಮುಂಚೆ, ಕಿಟಕಿ ತೆರೆದಿಟ್ಟು ಕೂರುತ್ತೇನೆ. ನಡುನಡುವೆ ಉಪ್ಪಿಲ್ಲದ ಬಿಸ್ಕತ್ತು, ನೀರು.

ನೀರಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮವರಲ್ಲಿ ತುಂಬಾ ಜನ ಎರಡು ಪಕ್ಷ: ಒಬ್ಬರು ಸೋಡಾ ತುಂಬಿಸುತ್ತಾರೆ, ಇನ್ನೊಬ್ಬರು ಒಂದು ಹನಿ ನೀರು ಹಾಕಿದರೂ ಪಾಪ ಅನ್ನುತ್ತಾರೆ. ಇಲ್ಲಿನ ಹಳಬರು ತಾವೇ ನೀರು ಹಾಕುತ್ತಾರೆ, ಆದರೆ ಹನಿ ಲೆಕ್ಕದಲ್ಲಿ. ಹೊಗೆಯ ಘಮಕ್ಕೆ ಕಾರಣವಾದ ಗ್ವಾಯಕಾಲ್ ಎಂಬ ಅಂಶ, ನೀರು ಬೆರೆಸಿದಾಗ ಮೇಲ್ಮೈ ಹತ್ತಿರ ಜಾಸ್ತಿ ಸೇರುತ್ತದೆ ಅಂತ 2017ರಲ್ಲಿ ಸ್ವೀಡನ್‌ನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ನನಗೆ ಅದು ಮೂಗಿಗೇ ಗೊತ್ತಾಗುತ್ತದೆ. ಮೊದಲು ನೀರಿಲ್ಲದೆ ಮೂಸಿ, ಒಂದು ಗುಟುಕು. ಆಮೇಲೆ ಕಾಲು ಚಮಚ ನೀರು. ಮತ್ತೆ ಮೂಸಿದರೆ ಮೊದಲಿನ ಘಾಟು ಇಳಿದು ಒಳಗಿದ್ದದ್ದು ಎದ್ದು ಬಂದಿರುತ್ತದೆ. ಅಬರ್ಲೋರ್ ಅಬುನಾ ತರಹ ಪೀಪಾಯಿಯಿಂದ ನೇರ ಬಾಟಲಿಗೆ ತುಂಬಿದ್ದಾದರೆ ಅದರಲ್ಲಿ ಮದ್ಯಸಾರ 60%ರ ಆಸುಪಾಸು ಇರುತ್ತದೆ. 15 ಎಂ.ಎಲ್.ಗೆ 5 ಎಂ.ಎಲ್. ನೀರು ಹಾಕಿದರೆ 45%ಕ್ಕೆ ಇಳಿಯುತ್ತದೆ. ಲೆಕ್ಕ ಅಷ್ಟೇ. ನಮ್ಮ ಗ್ಲಾಸ್ಗೋದ ನಲ್ಲಿ ನೀರು ಕ್ಯಾಟ್ರಿನ್ ಸರೋವರದ್ದು, ಮೃದು. ಬಾಟಲಿ ನೀರು ಬೇಕಾಗಿಲ್ಲ.

ನನಗೆ ಅತಿ ಹೆಚ್ಚು ಕಲಿಸಿದ್ದು ಯಾವ ಗ್ಲಾಸಿನಲ್ಲಿ ಯಾವುದು ಅಂತ ಗೊತ್ತಿಲ್ಲದೆ ಕುಡಿದು ನೋಡಿದ ಒಂದು ಸಂಜೆ. ದಾವಣಗೆರೆಯ ಗೆಳೆಯನೂ ಬಂದಿದ್ದ. ಟಾಲಿಸ್ಕರ್ 10, ಆರ್ಡ್‌ಬೆಗ್ 10, ಲಾಗವುಲಿನ್ 16, ಮೂರನ್ನೂ ನನ್ನ ಹೆಂಡತಿ ಅಡುಗೆಮನೆಯಲ್ಲಿ ಸುರಿದು, ಗ್ಲಾಸಿನ ತಳಕ್ಕೆ ನಂಬರ್ ಚೀಟಿ ಅಂಟಿಸಿ ತಂದಿಟ್ಟಳು. ನಾನು ಮೂಸುವ ಮೊದಲೇ "ಇದು ಆರ್ಡ್‌ಬೆಗ್" ಅಂದೆ.

"ರೀ, ಬಣ್ಣ ನೋಡಿ ಹೇಳ್ತಿದ್ದೀರಾ ನೀವು," ಅಂದಳು ಅವಳು.

ಅವಳು ಹೇಳಿದ್ದು ಸರಿ. ಆರ್ಡ್‌ಬೆಗ್ 10 ನಿಂಬೆ ಶರಬತ್ತಿನಷ್ಟು ತಿಳಿ. ಬಣ್ಣ ರುಚಿಯನ್ನು ಹೇಳುವುದಿಲ್ಲ, ಸ್ಕಾಚ್‌ಗೆ ಕ್ಯಾರಮಲ್ ಬಣ್ಣ ಸೇರಿಸುವುದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಅವಳು ಗ್ಲಾಸುಗಳಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಜಾಗ ಬದಲಿಸಿ ಮತ್ತೆ ತಂದಳು. ಈ ಸಲ ನಾನು ಸುಮ್ಮನೆ ಕೂತು ಮೂಸಿದೆ. ಒಂದರಲ್ಲಿ ಮೆಣಸು, ಅದು ಟಾಲಿಸ್ಕರ್, ಅನುಮಾನವಿಲ್ಲ. ಉಳಿದೆರಡರಲ್ಲಿ ನಾನು ಲಾಗವುಲಿನ್ ಅಂದದ್ದು ಆರ್ಡ್‌ಬೆಗ್, ಆರ್ಡ್‌ಬೆಗ್ ಅಂದದ್ದು ಲಾಗವುಲಿನ್. ಗೆಳೆಯ ಮೂರನ್ನೂ ಸರಿಯಾಗಿ ಹೇಳಿದ. "ಹೊಗೆ ಹುಡುಕಬ್ಯಾಡಪ್ಪ, ಹೊಗೆ ಎರಡರಾಗೂ ಐತಿ. ಹೊಗೆ ಹಿಂದೆ ಏನೈತಿ ನೋಡು," ಅಂದ. ಮತ್ತೆ ಮೂಸಿದೆ. ಒಂದರಲ್ಲಿ ಹೊಗೆಯ ಹಿಂದೆ ನಿಂಬೆ ಸಿಪ್ಪೆ, ಇನ್ನೊಂದರಲ್ಲಿ ಒಣದ್ರಾಕ್ಷಿ, ಬೆಲ್ಲ. ಆ ಮಾತು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಈ ಎರಡರ ಗುಟ್ಟು ತಿಳಿಯಬೇಕು ಅಂತಲೇ ಮುಂದಿನ ಬೇಸಿಗೆಯಲ್ಲಿ ಅವೆರಡೂ ತಯಾರಾಗುವ ಐಲಾ ದ್ವೀಪಕ್ಕೆ ಹೋದೆವು. ಕೆನ್ನಕ್ರೇಗ್‌ನಿಂದ ಪೋರ್ಟ್ ಎಲೆನ್‌ಗೆ ದೋಣಿ, ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಪೋರ್ಟ್ ಎಲೆನ್‌ನಿಂದ ಸಮುದ್ರದ ಪಕ್ಕದ ದಾರಿ ಹಿಡಿದರೆ ಸುಮಾರು ಐದು ಕಿಲೋಮೀಟರ್ ಒಳಗೆ ಮೂರು ಡಿಸ್ಟಿಲರಿ ಸಿಗುತ್ತವೆ: ಲಫ್ರೋಯ್ಗ್, ಲಾಗವುಲಿನ್, ಆರ್ಡ್‌ಬೆಗ್. ಮೊದಲ ಹಾಗೂ ಕೊನೆಯದು 1815ರವು, ನಡುವಿನದು 1816ರದು. ಕಾಲ್ನಡಿಗೆಯಲ್ಲೇ ಮುಗಿಸಿದೆವು. ಕಾರಿನಲ್ಲಿ ಹೋದರೆ ಚಾಲಕರ ಪಾಲನ್ನು ಪುಟ್ಟ ಬಾಟಲಿಗೆ ತುಂಬಿ ಮನೆಗೆ ಕೊಡುತ್ತಾರೆ, ಅದೂ ಒಳ್ಳೆಯ ಪದ್ಧತಿ.

ದಾರಿಯಲ್ಲಿ ಪೀಟ್ ಅಗೆದ ಜಾಗ ನೋಡಿದೆ. ಜೌಗು ನೆಲದಲ್ಲಿ ಪಾಚಿ, ಗಿಡ ಎಲ್ಲ ಸಾವಿರಾರು ವರ್ಷ ಕೊಳೆತು ಕರ‍್ರಗಾದ ಮಣ್ಣು. ಅದನ್ನು ಇಟ್ಟಿಗೆ ತರಹ ಕೊಯ್ದು ಒಣಗಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದರೆ ಆ ಹೊಗೆ ಕಾಳಿಗೆ ಅಂಟಿ ಗ್ಲಾಸಿನ ತನಕ ಬರುತ್ತದೆ. ಲಫ್ರೋಯ್ಗ್‌ನಲ್ಲಿ ಸ್ವಲ್ಪ ಭಾಗ ಬಾರ್ಲಿಯನ್ನು ಈಗಲೂ ನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತಾರೆ. ಅಲ್ಲಿ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡೆ. ಹುರಿದ ರಾಗಿಯ ರುಚಿ, ಆಮೇಲೆ ಹೊಗೆ.

ಲಾಗವುಲಿನ್, ಆರ್ಡ್‌ಬೆಗ್ ಎರಡಕ್ಕೂ ಮಾಲ್ಟ್, ಅಂದರೆ ಹೀಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಆಗ ಬರುತ್ತಿದ್ದದ್ದು ಪೋರ್ಟ್ ಎಲೆನ್‌ನ ಒಂದೇ ಮಾಲ್ಟಿಂಗ್‌ನಿಂದ. ಹೊಗೆಯ ಮಟ್ಟ ಮಾತ್ರ ಬೇರೆ, ಆರ್ಡ್‌ಬೆಗ್ ತನಗೆ ಜಾಸ್ತಿ ಹೊಗೆ ಕೇಳುತ್ತದೆ. ಹಾಗಿದ್ದೂ ಕುಡಿದರೆ ಆರ್ಡ್‌ಬೆಗ್ ಹಗುರ ಅನ್ನಿಸುತ್ತದೆ. ಯಾಕೆ? ಅಲ್ಲಿ ಬಟ್ಟಿ ಇಳಿಸುವ ಎರಡನೆಯ ಹಂಡೆಯ ಕೊಳವೆಗೆ ಪ್ಯೂರಿಫೈಯರ್ ಅಂತ ಒಂದು ತಾಮ್ರದ ಪಾತ್ರೆ ಕೂರಿಸಿದ್ದಾರೆ. ಭಾರದ ಆವಿ ಅಲ್ಲಿ ನೀರಾಗಿ ಮತ್ತೆ ಹಂಡೆಗೆ ಇಳಿಯುತ್ತದೆ, ಹಗುರದ್ದು ಮಾತ್ರ ಮುಂದೆ ಹೋಗುತ್ತದೆ. ಲಾಗವುಲಿನ್‌ನಲ್ಲಿ ಅದಿಲ್ಲ, ಜೊತೆಗೆ ಹದಿನಾರು ವರ್ಷ ಪೀಪಾಯಿಯಲ್ಲಿ ಕೂತು ಬರುತ್ತದೆ. ನನ್ನ ನಿಂಬೆ ಸಿಪ್ಪೆ, ಒಣದ್ರಾಕ್ಷಿ ಎರಡೂ ಎಲ್ಲಿಂದ ಬಂದವು ಅಂತ ಅಲ್ಲಿ ಗೊತ್ತಾಯಿತು. ಆ ಹಂಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಪೀಪಾಯಿಯ ಮಹಿಮೆ ತಿಳಿಯಬೇಕಾದರೆ ಹೊಗೆ ಇಲ್ಲದ ಜೋಡಿ ಬೇಕು. ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಎರಡು ತಗೊಳ್ಳಿ: ಗ್ಲೆನ್‌ಲಿವೆಟ್ 12, ಗ್ಲೆನ್‌ಫಾರ್ಕ್ಲಸ್ 15. ಮೊದಲನೆಯದರಲ್ಲಿ ಬರ್ಬನ್ (ಅಮೆರಿಕದ ವಿಸ್ಕಿ) ಇದ್ದ ಪೀಪಾಯಿಯ ವೆನಿಲ್ಲಾ ಕಾಣುತ್ತದೆ. ಎರಡನೆಯದು ಶೆರಿ (ಸ್ಪೇನಿನ ವೈನ್) ಪೀಪಾಯಿಯದ್ದು, 46%. ಉತ್ತುತ್ತೆ, ಒಣಶುಂಠಿ, ಹಳೆಯ ಬೀಟೆ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಇದೇ ಜೋಡಿ ಹೇಳುತ್ತೇನೆ.

ಒಂದು ಸಲ ಕೆಳಗಿನ ಮನೆಯ ಹಿರಿಯರಿಗೆ ಫಾಯಿಲ್ ಸುತ್ತಿದ ಗ್ಲಾಸಿನಲ್ಲಿ ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ಕೊಟ್ಟೆ. ಅದು ಸ್ಕಾಚ್ ಅಲ್ಲ, ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಆದರೆ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯೂ ಇದೆ. ಅವರು ಮೂಸಿ, ಕುಡಿದು, ಹದಿನೈದು ವರ್ಷದ ಹೈಲ್ಯಾಂಡ್ ಪ್ರದೇಶದ ಸ್ಕಾಚ್ ಇರಬೇಕು ಅಂದರು. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ 10%ಕ್ಕಿಂತ ಜಾಸ್ತಿ ಆವಿಯಾಗುತ್ತದೆ, ಇಲ್ಲಿ 2% ಅಷ್ಟೇ, ಹಾಗಾಗಿ ಅಲ್ಲಿ ಬೇಗ ಮಾಗುತ್ತದೆ ಅಂತ ವಿವರಿಸಿದೆ. ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಇದೇ ಗ್ಲಾಸ್ಗೋದಲ್ಲಿ ಅಂದಾಗ ಅವರು ಗ್ಲಾಸನ್ನು ಮತ್ತೆ ಮುಂದಕ್ಕೆ ಚಾಚಿದರು. ನನಗಾದ ಖುಷಿ ಹೇಳತೀರದು.

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನ್ ಹಾಗೆ ಮಲಗಿಸಿದರೆ ಬಿರಡೆ ಹಾಳಾಗುತ್ತದೆ. ಬಿಸಿಲು ಬೀಳದ ಜಾಗ ಸಾಕು. ಕಾಲು ಭಾಗಕ್ಕೆ ಬಂದ ಮೇಲೆ ಒಳಗಿನ ಗಾಳಿಗೆ ಘಮ ಮಂಕಾಗುತ್ತಾ ಹೋಗುತ್ತದೆ, ಆಗ ಸಣ್ಣ ಬಾಟಲಿಗೆ ತುಂಬಿಡುತ್ತೇನೆ. ಹೋಲಿಸುವುದಕ್ಕೆ ದೊಡ್ಡ ಬಾಟಲಿಯೇ ಬೇಕು ಅಂತಲೂ ಇಲ್ಲ, 5 ಸೆಂಟಿಲೀಟರಿನ ಮಿನಿಯೇಚರ್ ಮೂರು ಸಲಕ್ಕೆ ಆಗುತ್ತದೆ. ವಾರಕ್ಕೊಂದು ಸಂಜೆ, ಎರಡು ಗ್ಲಾಸ್. ಅದಕ್ಕಿಂತ ಜಾಸ್ತಿ ಕುಡಿದ ದಿನದ ಟಿಪ್ಪಣಿ ಮಾರನೆಯ ದಿನ ಓದಿದರೆ ಕೆಲಸಕ್ಕೆ ಬರುವುದಿಲ್ಲ.

ಕಳೆದ ಶುಕ್ರವಾರ ಕ್ಯಾಂಪ್‌ಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್ 10 ಇತ್ತು, ಪಕ್ಕದಲ್ಲಿ ಟಾಲಿಸ್ಕರ್. ಟಾಲಿಸ್ಕರ್‌ಗೆ ಎಂದಿನ ಮೆಣಸು ಬರೆದೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಅರ್ಧ ಗಂಟೆ ಮಾತು ಸಿಗಲಿಲ್ಲ. ಎರಡು ಹನಿ ನೀರು ಬಿಟ್ಟು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕುಡಿಯುವುದಿಲ್ಲ, ಮೂಸುತ್ತಾಳೆ ಅಷ್ಟೇ. ಸ್ವಲ್ಪ ಹೊತ್ತು ಹಿಡಿದುಕೊಂಡು, "ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ರೀ, ಮುಚ್ಚಳ ತೆಗೆದ ತಕ್ಷಣ," ಅಂದಳು. ಹಾಗೇ ಬರೆದುಕೊಂಡೆ.