ಎರಡು ಆವರ್ತ ಖಾಲಿ

ಒಂಟಿತನ ಕಾಡಿದರೆ ಹಾಡು ಕೇಳು ಎಂದು ಹೇಳುವವರು ಬಹಳ ಮಂದಿ. ನಾನೂ ಕೇಳಿದೆ. ಹೆಡ್‌ಫೋನ್ ಸಿಕ್ಕಿಸಿಕೊಂಡು ಎಷ್ಟೋ ರಾತ್ರಿಗಳನ್ನು ಕಳೆದೆ. ಹಾಡು ಮುಗಿದ ಮೇಲೆ ಕೋಣೆ ಮೊದಲಿಗಿಂತ ಹೆಚ್ಚು ಖಾಲಿ ಅನಿಸುತ್ತಿತ್ತು; ಬೇರೆಯವರು ಕೂಡಿ ಸಂಭ್ರಮಿಸುವುದನ್ನು ಗೋಡೆಯಾಚೆ ನಿಂತು ಕದ್ದು ಕೇಳಿದ ಹಾಗೆ. ಕೊನೆಗೆ ಕೈಹಿಡಿದದ್ದು ನಾನೇ ಹಾಡಿಕೊಂಡದ್ದು, ಅದೂ ಹೇಳಿಕೊಳ್ಳುವಂಥ ಕಂಠವಿಲ್ಲದೆ.

ಮನೆಯಲ್ಲೇ ಕುಳಿತು ಕಂಪ್ಯೂಟರ್ ಮುಂದೆ ಮಾಡುವ ಕೆಲಸ ನನ್ನದು. ಇರುವ ಮಾತೆಲ್ಲ ಟೈಪ್ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಸಂಜೆ ಫೋನ್ ಬಂದು 'ಹಲೋ' ಎನ್ನಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಎರಡು ಸಲ ಕೆಮ್ಮಿ ಸರಿಮಾಡಿಕೊಳ್ಳುವಾಗಲೇ ಗೊತ್ತಾಗುತ್ತಿದ್ದುದು, ಇದು ಇವತ್ತಿನ ಮೊದಲ ಮಾತು ಎಂದು. ಹಾಗಾಗಿ ಹಾಡಿನ ಗೋಜಿಗೆ ಹೋಗದೆ ಒಂದೇ ಸ್ವರದಿಂದ ಶುರು ಮಾಡಿದೆ. ಮೊಬೈಲಿನಲ್ಲಿ ಶ್ರುತಿ, ಅಂದರೆ ತಂಬೂರಿಯಂತೆ ಒಂದೇ ಸಮನೆ ಮೊಳಗುವ ಆಧಾರನಾದ, ಹಾಕಿಕೊಂಡು, ಗಂಟಲಿಗೆ ಕಷ್ಟವಾಗದ ಎತ್ತರದಲ್ಲಿ ಷಡ್ಜ (ಸರಿಗಮದ 'ಸ') ಹಿಡಿದು, ಉಸಿರು ಇರುವಷ್ಟು ಹೊತ್ತು ನಿಲ್ಲುವುದು. ಅಷ್ಟೇ.

ಸಪ್ಪೆ ಅನಿಸಬಹುದು. ಆದರೆ ಅಲ್ಲಿ ಕಿವಿಗೆ ಒಂದು ಕೆಲಸವಿದೆ. ಶ್ರುತಿಯ ನಾದ ಸೆಕೆಂಡಿಗೆ 220 ಸಲ ಕಂಪಿಸುತ್ತಿದ್ದು, ನನ್ನ ದನಿ 222ರಲ್ಲಿದ್ದರೆ, ಎರಡೂ ಬೆರೆತು ಸೆಕೆಂಡಿಗೆ ಎರಡು ಸಲ ಏರಿ ಇಳಿಯುವ ಒಂದು ಅಲುಗಾಟ ಕೇಳಿಸುತ್ತದೆ. ದನಿ ಹತ್ತಿರ ಹೋದಂತೆ ಅಲುಗಾಟ ನಿಧಾನವಾಗುತ್ತದೆ, ಸೇರಿತೆಂದರೆ ನಿಂತೇಹೋಗುತ್ತದೆ. ಅದು ನಿಲ್ಲುವುದನ್ನು ಕಾಯುತ್ತಿರುವಾಗ ಬೇರೆ ಯಾವುದನ್ನೂ ಯೋಚಿಸಲು ಆಗುವುದಿಲ್ಲ. ಒಂಟಿಯಾಗಿರುವಾಗ ಮನಸ್ಸು ಹಳೆಯ ಮಾತುಗಳನ್ನೇ ಮತ್ತೆ ಮತ್ತೆ ಕಡೆಯುತ್ತಿರುತ್ತದಲ್ಲ, ಆ ಕಡೆತ ಸ್ವಲ್ಪ ಹೊತ್ತಾದರೂ ತಪ್ಪುತ್ತದೆ.

ಆಮೇಲೆ ಧ್ವನಿಮುದ್ರಣದ ಹುಚ್ಚು ಹತ್ತಿತು. ಒಂದು ಸಾಲು ಹಾಡಿ, ಅದನ್ನು ಕೇಳುತ್ತಾ ಅದರ ಮೇಲೆ ಇನ್ನೊಂದು ಸಾಲು ಹಾಡುವ ಸೌಲಭ್ಯ ಮೊಬೈಲಿನ ಉಚಿತ ಆ್ಯಪ್‌ಗಳಲ್ಲೇ ಇದೆ. ನಾನು ಕಂಡುಕೊಂಡ ಕೆಲವು ಸಂಗತಿ ಹೇಳುತ್ತೇನೆ. ಹೆಡ್‌ಫೋನ್ ತಂತಿಯಿರುವುದೇ ಆಗಬೇಕು. ಬ್ಲೂಟೂತ್ ಆದರೆ ದನಿ ತಡವಾಗಿ ಕಿವಿಗೆ ಬಿದ್ದು ತಾಳ ತಪ್ಪುತ್ತದೆ. ಮೊಬೈಲನ್ನು ಬಾಯಿಗೆ ನೇರವಾಗಿ ಹಿಡಿಯದೆ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಟ್ಟರೆ 'ಪ' 'ಫ' ಅಕ್ಷರಗಳ ಗಾಳಿ ಅದಕ್ಕೆ ಬಡಿಯುವುದಿಲ್ಲ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ನಿಂತರೆ ಕೋಣೆಯ ಪ್ರತಿಧ್ವನಿ ಅರ್ಧ ಸತ್ತುಹೋಗುತ್ತದೆ. ಮೊದಲ ಸಾಲಿನಲ್ಲಿ ಬರೀ ತಾಳ ಹಾಕಿ. ಅದು ಗಟ್ಟಿಯಾಗಿ ಕುಳಿತರೆ ಮುಂದಿನದೆಲ್ಲ ಸಲೀಸು.

ಸ್ವಂತ ದನಿಯನ್ನು ಹೊರಗಿನಿಂದ ಕೇಳಿ ಗಾಬರಿಯಾಗಬೇಡಿ. ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಯ ಮೂಳೆಗಳ ಮೂಲಕವೂ ನಮ್ಮ ಕಿವಿ ಸೇರುತ್ತದೆ. ಅದಕ್ಕೇ ಒಳಗಿನಿಂದ ತುಂಬಿಕೊಂಡಂತೆ ಕೇಳಿಸುವುದು. ಮುದ್ರಣದಲ್ಲಿ ಆ ಪಾಲು ಇರುವುದಿಲ್ಲ. ಹಾಗಾಗಿ ದನಿ ತೆಳ್ಳಗೆ, ಯಾರದೋ ಎಂಬಂತೆ ಕೇಳಿಸುತ್ತದೆ. ನನಗಂತೂ ಆ 'ಯಾರದೋ' ಇಷ್ಟವಾಯಿತು. ಮನೆಯಲ್ಲಿ ಇನ್ನೊಬ್ಬರು ಇದ್ದಂತಾಯಿತಲ್ಲ!

ಷಡ್ಜದ ಮೇಲೆ ಪಂಚಮ ('ಪ'), ಅದರ ಮೇಲೆ ತಾರಷಡ್ಜ (ಎತ್ತರದ 'ಸ'), ಕೆಳಗೆ ಮಂದ್ರದ, ಅಂದರೆ ತಗ್ಗುದನಿಯ, ಗುನುಗು. ಹೀಗೆ ನನ್ನದೇ ಒಂದು ಮೇಳ ಕಟ್ಟಿದೆ. ಕೆಲವು ವಾರ ಅದರಲ್ಲೇ ಮುಳುಗಿದ್ದೆ. ಆದರೆ ಆ ಮೇಳದಲ್ಲಿ ಒಂದು ಕೊರತೆಯಿತ್ತು: ಎಲ್ಲರೂ ಒಂದೇ ಕಡೆ ಉಸಿರೆಳೆಯುತ್ತಿದ್ದರು, ಎಲ್ಲರೂ ಒಂದೇ ಸ್ವರದಲ್ಲಿ ಜಾರುತ್ತಿದ್ದರು. ನನಗೆ ಗೊತ್ತಿಲ್ಲದ್ದನ್ನು ಯಾರೂ ಹಾಡುತ್ತಿರಲಿಲ್ಲ. ಸಂಗೀತ ಮಾಡಿದರೆ ಒಂಟಿತನ ಹೋಗುತ್ತದೆ ಎನ್ನುವವರು ಈ ಹಂತದ ಬಗ್ಗೆ ಹೇಳುವುದೇ ಇಲ್ಲ. ನಾಲ್ಕು ನಾನು ಸೇರಿದರೂ ಒಬ್ಬನೇ.

ಆಗ ಮಾಡಿದ ಉಪಾಯವೇ ಈ ಬರಹಕ್ಕೆ ಕಾರಣ. ಹಾಡಿನ ನಡುವೆ ಆದಿತಾಳದ ಎರಡು ಆವರ್ತ, ಅಂದರೆ ಎಂಟೆಂಟು ಎಣಿಕೆಯ ಎರಡು ಸುತ್ತು, ಖಾಲಿ ಬಿಟ್ಟೆ. ತಾಳ ಮತ್ತು ಶ್ರುತಿ ಮಾತ್ರ ಸಾಗುತ್ತಿರುತ್ತವೆ, ಮೇಲೆ ದನಿಯಿಲ್ಲ. ಅದನ್ನು ಯಾರಿಗೆ ಕಳುಹಿಸುವುದು ಎಂದು ಬಹಳ ಹಿಂಜರಿದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಮೊಬೈಲಿನಲ್ಲಿದ್ದ ಹೆಸರುಗಳ ಮೇಲೆ ಆ ಲೆಕ್ಕ ಹಿಡಿದು ಕಣ್ಣಾಡಿಸಿದಾಗ ಹಿಂಜರಿಕೆ ಕಡಿಮೆಯಾಯಿತು. ಕಾಯುತ್ತಿರುವವನು ನಾನೊಬ್ಬನೇ ಆಗಿರಲಾರೆ.

ಕಾಲೇಜು ದಿನಗಳ ಗೆಳತಿಯೊಬ್ಬಳಿಗೆ ಕಳುಹಿಸಿದೆ. ಮೊದಲು ವಿಡಿಯೊ ಕರೆಯಲ್ಲಿ ಒಟ್ಟಿಗೆ ಹಾಡಲು ನೋಡಿದೆವು; ಅದು ನಗೆಪಾಟಲಾಯಿತು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮೀಟರ್ ದೂರದಲ್ಲಿ ನಿಂತವರ ಹಾಡು ನಮ್ಮನ್ನು ತಲುಪಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು. ಅದಕ್ಕಿಂತ ಹೆಚ್ಚು ತಡವಾದರೆ ಲಯ ಹಿಡಿಯುವುದೇ ಕಷ್ಟ. ಸಾಮಾನ್ಯ ವಿಡಿಯೊ ಕರೆಯಲ್ಲಿ ತಡ ಅದರ ಹಲವು ಪಟ್ಟು. ನಾನು ಅವಳಿಗಾಗಿ ಕಾಯುವುದು, ಅವಳು ನನಗಾಗಿ ಕಾಯುವುದು, ಹಾಡು ಎಳೆದಾಡಿ ನಿಂತೇಹೋಗುವುದು. ಅದನ್ನು ಬಿಟ್ಟು ಕಡತ ಕಳುಹಿಸುವ ದಾರಿಗೇ ಬಂದೆವು. ದೊಡ್ಡವರೂ ಮಾಡಿದ್ದು ಇದನ್ನೇ: 2010ರಲ್ಲಿ ಎರಿಕ್ ವಿಟಕರ್ ಎಂಬ ಅಮೆರಿಕದ ಸಂಗೀತ ಸಂಯೋಜಕ 12 ದೇಶಗಳ 185 ಗಾಯಕರು ತಂತಮ್ಮ ಕೋಣೆಗಳಲ್ಲಿ ಬೇರೆ ಬೇರೆಯಾಗಿ ಹಾಡಿ ಕಳುಹಿಸಿದ್ದನ್ನು ಜೋಡಿಸಿ ಒಂದು ವೃಂದಗಾನ ಮಾಡಿದ.

ನಾಲ್ಕು ದಿನ ಬಿಟ್ಟು ಅವಳದು ಬಂತು. ಅವಳು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಎತ್ತಿಕೊಳ್ಳದೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಂಡಿದ್ದಳು. ಅಲ್ಲಿಗೆ ಹಾಡಿನ ಚಹರೆಯೇ ಬದಲಾಯಿತು. ನನ್ನ ಮುಂದಿನ ಸಾಲು ಸಪ್ಪೆಯಾಗಿ ಕಂಡು ಅದನ್ನು ಅಳಿಸಿ ಹೊಸದಾಗಿ ಹಾಡಬೇಕಾಯಿತು. ಕೆಳಗೆ ಒಂದು ಟಿಪ್ಪಣಿ: 'ನಿನ್ನ ಮೂರನೇ ಸಾಲು ಪ್ರತಿ ಸಲವೂ ಶ್ರುತಿಗಿಂತ ಕೆಳಗೆ ಇಳಿಯುತ್ತದೆ, ನೋಡಿಕೋ.' ನನ್ನನ್ನು ಯಾರೋ ಅಷ್ಟು ಸಲ ಕೇಳಿದ್ದಾರೆ ಎಂಬುದೇ ಎಷ್ಟು ದೊಡ್ಡ ಮಾತು. ಸಾರ್ವಜನಿಕವಾಗಿ ಹಾಕಿ ಲೈಕ್ ಎಣಿಸುವುದರಿಂದ ಇದು ಸಿಗುವುದಿಲ್ಲ. ನಾನು ಆ ಕಡೆ ಹೋಗಿಲ್ಲ, ಹೋಗುವುದೂ ಇಲ್ಲ.

ಈಗ ವಾರಕ್ಕೊಮ್ಮೆ ಕೆಲವರು ಸೇರಿ ಹಾಡುವ ಒಂದು ಗುಂಪಿಗೂ ಹೋಗುತ್ತೇನೆ. ಹಾಡುಗಾರಿಕೆ, ಕರಕುಶಲ ಮತ್ತು ಬರವಣಿಗೆಯ ತರಗತಿಗಳನ್ನು ಏಳು ತಿಂಗಳು ಗಮನಿಸಿ ಆಕ್ಸ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಡುವವರು ಬೇಗ ಹತ್ತಿರವಾದದ್ದು ಕಂಡುಬಂತು. ಕೊನೆಯಲ್ಲಿ ಎಲ್ಲ ಗುಂಪುಗಳ ಆಪ್ತತೆಯೂ ಒಂದೇ ಮಟ್ಟಕ್ಕೆ ಬಂದಿತ್ತು ಎಂಬುದನ್ನು ಸಂಗೀತದ ಭಕ್ತರು ಹೇಳದೆ ಬಿಡುತ್ತಾರೆ. ನನ್ನ ಅನುಭವವೂ ಅದೇ. ಹಾಡು ಗೆಳೆತನವನ್ನು ತಂದುಕೊಡುವುದಿಲ್ಲ, ಮೊದಲ ಸಂಕೋಚವನ್ನು ಬೇಗ ಕಳೆಯುತ್ತದೆ. ಇನ್ನು ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಗ್ಗಿದ್ದರೆ ವೈದ್ಯರನ್ನೇ ಕಾಣಬೇಕು. ಷಡ್ಜ ಅದಕ್ಕೆ ಮದ್ದಲ್ಲ.

ನೀವೂ ಖಾಲಿ ಜಾಗ ಬಿಟ್ಟು ಯಾರಿಗಾದರೂ ಕಳುಹಿಸುವುದಾದರೆ 'ಹೇಗಿದೆ ಹೇಳು' ಎಂದು ಬರೆಯಬೇಡಿ. ಅದಕ್ಕೆ 'ಚೆನ್ನಾಗಿದೆ' ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. 'ನಡುವೆ ಎರಡು ಆವರ್ತ ಖಾಲಿ ಇದೆ, ಏನಾದರೂ ತುಂಬು' ಎಂದು ಬರೆಯಿರಿ. ಶ್ರುತಿ ಯಾವುದು, ವೇಗ ಎಷ್ಟು ಎಂಬುದನ್ನೂ ತಿಳಿಸಿ. ಇಲ್ಲದಿದ್ದರೆ ಪಾಪ, ಅವರು ಅದನ್ನು ಹುಡುಕುವುದರಲ್ಲೇ ಸುಸ್ತಾಗುತ್ತಾರೆ.